ಏಳನೇ ಮಣಿಯ ಕೆಳಗೂ ಒಂದು ಮಣಿ ಕಾಣಬೇಕು: ಕತ್ತಿನ ಎಕ್ಸ್‌ರೇ ನೋಡುವ ಬಗೆ

ಮಂಡ್ಯ ಕಡೆ ಕತ್ತಿಗೆ ಪೆಟ್ಟು ಮಾಡಿಕೊಂಡವರು ಕ್ಯಾಶುವಾಲ್ಟಿಗೆ ಹೇಗೆ ಬರುತ್ತಾರೆ ಎಂದು ಇಲ್ಲಿ ಡ್ಯೂಟಿ ಮಾಡಿದವರಿಗೆಲ್ಲ ಗೊತ್ತು. ತೆಂಗಿನ ಮರದಿಂದ ಬಿದ್ದವರು. ಕಬ್ಬು ತುಂಬಿದ ಟ್ರೇಲರ್ ಮಗುಚಿ ಅದರಡಿ ಸಿಕ್ಕವರು. ವಿಶ್ವೇಶ್ವರಯ್ಯ ನಾಲೆಯ (ವಿ.ಸಿ. ನಾಲೆ) ಸೇತುವೆಯಿಂದ ತಲೆ ಕೆಳಗೆ ಮಾಡಿ ನೀರಿಗೆ ಹಾರಿದ ಹುಡುಗರು. ಹುಲ್ಲಿನ ಹೊರೆ ಹೊತ್ತು ಗದ್ದೆ ಬದುವಿನಲ್ಲಿ ಜಾರಿದ ಹೆಂಗಸರು. ಬಚ್ಚಲಲ್ಲಿ ಮುಗ್ಗರಿಸಿ ಹಣೆ ಒಡೆದುಕೊಂಡ ತಾತಂದಿರು. ಹೈವೇಯಲ್ಲಿ ಬಡಿಸಿಕೊಂಡವರಂತೂ ದಿನಾ ಇದ್ದೇ ಇರುತ್ತಾರೆ.

ಇವರಲ್ಲಿ ಕೆಲವರು ನಡೆದುಕೊಂಡೇ ಬರುತ್ತಾರೆ. ‘ಏನಿಲ್ಲ ಸಾ, ಕತ್ತು ಉಳುಕೈತೆ ಅಷ್ಟೇ’ ಅನ್ನುತ್ತಾರೆ. ಊರಲ್ಲಿ ಯಾರಿಂದಲೋ ನೀವಿಸಿಕೊಂಡು, ಎರಡು ದಿನ ಕಳೆದ ಮೇಲೆ ಬರುವವರೂ ಇದ್ದಾರೆ. ನಡೆದು ಬಂದವರ ಕತ್ತಿನ ಮೂಳೆ ಮುರಿದಿರುವುದಿಲ್ಲ ಎಂದು ದಯವಿಟ್ಟು ಅಂದುಕೊಳ್ಳಬೇಡಿ. ಮೂಳೆ ಮುರಿದೂ ಬೆನ್ನುಹುರಿ ಉಳಿದುಕೊಂಡಿರುವವರನ್ನು ಹಾಗೇ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅದಕ್ಕೇ ಈ ಬರಹ. ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್, ಹೌಸ್ ಸರ್ಜನ್, ಎಕ್ಸ್‌ರೇ ಟೆಕ್ನಿಷಿಯನ್, ಹೀಗೆ ಆ ಫಿಲ್ಮನ್ನು ಮೊದಲು ನೋಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಫಿಲ್ಮ್ ಆಮೇಲೆ, ಮೊದಲು ಮನುಷ್ಯ

ಎಕ್ಸ್‌ರೇ ಚೀಟಿ ಬರೆಯುವ ಮೊದಲು ಕತ್ತು ಅಲ್ಲಾಡದಂತೆ ಮಾಡಿ. ಗಟ್ಟಿ ಕಾಲರ್ ಹಾಕಿ, ತಲೆಯ ಎರಡೂ ಕಡೆ ಮರಳಿನ ಚೀಲ ಇಡಿ. ಚೀಲ ಇಲ್ಲದಿದ್ದರೆ ಬೆಡ್‌ಶೀಟ್ ಬಿಗಿಯಾಗಿ ಸುತ್ತಿ ಇಟ್ಟರೂ ಆಯಿತು. ಮಗ್ಗುಲು ಮಾಡಬೇಕಾದರೆ ನಾಲ್ಕು ಜನ ಸೇರಿ, ಮರದ ದಿಮ್ಮಿ ಉರುಳಿಸಿದ ಹಾಗೆ ತಲೆ, ಹೆಗಲು, ಸೊಂಟ ಒಟ್ಟಿಗೇ ತಿರುಗಿಸಿ. ತಲೆ ಹಿಡಿದವರೇ ಎಣಿಕೆ ಹೇಳಬೇಕು. ಮುಂಚಿನಿಂದಲೂ ಕತ್ತು ಬಾಗಿದ್ದವರಾದರೆ ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ. ಅವರಿಗೆ ಬಾಗಿರುವುದೇ ಸರಿಯಾದ ಭಂಗಿ. ಅದಕ್ಕೆ ತಕ್ಕ ಹಾಗೆ ತಲೆಯಡಿ ಬಟ್ಟೆ ಮಡಿಸಿ ಕೊಡಿ.

ಉಸಿರಾಟ ನೋಡಿ. ಎದೆ ಅಲ್ಲಾಡದೆ ಹೊಟ್ಟೆ ಮಾತ್ರ ಏರಿಳಿಯುತ್ತಿದ್ದರೆ ಬೆನ್ನುಹುರಿಗೆ ಕತ್ತಿನಲ್ಲೇ ಪೆಟ್ಟಾಗಿದೆ ಎಂದು ಹೆದರಬೇಕು. ಬಿ.ಪಿ. ಕಡಿಮೆ ಇದ್ದು ನಾಡಿಯೂ ನಿಧಾನ ಇದ್ದರೆ ಅದೂ ಅದೇ ಕಥೆ ಹೇಳುತ್ತದೆ. ರಕ್ತ ಹೋಗಿ ಬಿ.ಪಿ. ಇಳಿದಿದ್ದರೆ ನಾಡಿ ಸಾಮಾನ್ಯವಾಗಿ ಓಡುತ್ತಿರುತ್ತದೆ. ಆಮೇಲೆ ಕತ್ತಿನ ಹಿಂದೆ ನಡುಮಧ್ಯೆ ಒಂದೊಂದೇ ಮಣಿಯನ್ನು, ಅಂದರೆ ಬೆನ್ನೆಲುಬಿನ ಒಂದೊಂದೇ ಮೂಳೆಯನ್ನು, ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಪಕ್ಕದ ಸ್ನಾಯು ನೋವಿಗಿಂತ ನಡುವಿನ ಮೂಳೆ ನೋವಿಗೆ ಬೆಲೆ ಜಾಸ್ತಿ. ಕೈಬೆರಳ ಹಿಡಿತ, ಕಾಲ್ಬೆರಳ ಚಲನೆ, ಜುಮ್ಮೆನ್ನುವುದು, ಮರಗಟ್ಟಿರುವುದು, ಇಷ್ಟನ್ನೂ ಸಮಯ ಹಾಕಿ ಕೇಸ್ ಶೀಟಿನಲ್ಲಿ ಬರೆಯಿರಿ. ನಾಳೆ ಕಡಿಮೆಯಾಯಿತೋ ಜಾಸ್ತಿಯಾಯಿತೋ ಎಂದು ಹೇಳಬೇಕಾದರೆ ಇವತ್ತಿನದು ಬರಹದಲ್ಲಿರಬೇಕು ಅಲ್ವಾ?

ಎಲ್ಲರಿಗೂ ಎಕ್ಸ್‌ರೇ ಬೇಕಿಲ್ಲ. ಅಮೆರಿಕದಲ್ಲಿ 34,069 ಜನರನ್ನು ನೋಡಿ 2000ನೇ ಇಸವಿಯಲ್ಲಿ ಪ್ರಕಟಿಸಿದ ನೆಕ್ಸಸ್ ಎಂಬ ನಿಯಮವಿದೆ. ಅದರಲ್ಲಿ ಐದು ಪ್ರಶ್ನೆ. ಕತ್ತಿನ ನಡುವಿನ ಮೂಳೆ ಒತ್ತಿದರೆ ನೋವಿದೆಯೇ? ನರದ ದೋಷ ಏನಾದರೂ ಕಾಣುತ್ತಿದೆಯೇ? ಎಚ್ಚರ ಮಂಕಾಗಿದೆಯೇ? ಕುಡಿದಿದ್ದಾರೆಯೇ? ಗಮನವೆಲ್ಲ ತನ್ನ ಕಡೆ ಸೆಳೆಯುವಂಥ ಬೇರೆ ದೊಡ್ಡ ಗಾಯವಿದೆಯೇ? ಐದಕ್ಕೂ ‘ಇಲ್ಲ’ ಬಂದರೆ ಫಿಲ್ಮ್ ಬೇಡ. ಒಂದಕ್ಕೆ ‘ಹೌದು’ ಬಂದರೂ ಬೇಕು. ನಮ್ಮಲ್ಲಿ ಕೊನೆಯ ಪ್ರಶ್ನೆಯಲ್ಲೇ ತಪ್ಪು ಜಾಸ್ತಿ. ತೊಡೆ ಮೂಳೆ ಮುರಿದು ನರಳುತ್ತಿರುವವರು ‘ಕತ್ತು ನೋವಿಲ್ಲ’ ಅಂದರೆ ಆ ಮಾತು ಲೆಕ್ಕಕ್ಕಿಲ್ಲ.

2001ರಲ್ಲಿ ಬಂದ ಕೆನಡಾದ ನಿಯಮ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ. ವಯಸ್ಸು 65 ಅಥವಾ ಅದಕ್ಕೂ ಹೆಚ್ಚಾಗಿದ್ದರೆ, ಕೈಕಾಲು ಜುಮ್ಮೆನ್ನುತ್ತಿದ್ದರೆ, ಮೂರು ಅಡಿ ಅಥವಾ ಐದು ಮೆಟ್ಟಿಲಿನಷ್ಟು ಎತ್ತರದಿಂದ ಬಿದ್ದಿದ್ದರೆ, ನೆತ್ತಿಯ ಮೇಲೆ ಭಾರ ಬಿದ್ದಿದ್ದರೆ, ಗಾಡಿ ಪಲ್ಟಿಯಾಗಿದ್ದರೆ ಚಿತ್ರ ತೆಗೆಸಲೇಬೇಕು. ಮೂರೇ ಅಡಿ. ತೆಂಗಿನ ಮರದ ಲೆಕ್ಕ ನೀವೇ ಹಾಕಿಕೊಳ್ಳಿ.

ಸಿಟಿ ಸ್ಕ್ಯಾನ್ ಅದೇ ಕಟ್ಟಡದಲ್ಲಿದ್ದರೆ, ದೊಡ್ಡವರಿಗೆ, ಅದರಲ್ಲೂ ಪ್ರಜ್ಞೆ ಇಲ್ಲದವರಿಗೆ ಮತ್ತು ಕೈಕಾಲು ಬಲ ಕಳೆದುಕೊಂಡವರಿಗೆ ನೇರವಾಗಿ ಸಿಟಿಯನ್ನೇ ಮಾಡಿಸಿ. ಮುರಿತ ಹಿಡಿಯುವುದರಲ್ಲಿ ಎಕ್ಸ್‌ರೇಗೆ ಅದರ ಸರಿಸಮ ಇಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಸಣ್ಣ ಆಸ್ಪತ್ರೆಯಲ್ಲಿ ನಿಮ್ಮ ಕೈಗೆ ಸಿಗುವುದು ಎಕ್ಸ್‌ರೇ ಒಂದೇ. ಹಾಗಾಗಿ ಅದನ್ನು ಚೆನ್ನಾಗಿ ನೋಡಲು ಬರಬೇಕು.

ಮೂರು ಫಿಲ್ಮ್, ಒಂದೂ ಕಡಿಮೆ ಬೇಡ

ಮಗ್ಗುಲಿನಿಂದ ತೆಗೆಯುವ ಲ್ಯಾಟರಲ್, ಎದುರಿನಿಂದ ತೆಗೆಯುವ ಎ.ಪಿ., ಬಾಯಿ ತೆರೆಸಿ ತೆಗೆಯುವ ಓಪನ್ ಮೌತ್. ಮೊದಲು ಲ್ಯಾಟರಲ್. ರೋಗಿ ಅಂಗಾತ ಮಲಗಿದ್ದ ಹಾಗೇ, ಕಾಲರ್ ಬಿಚ್ಚದೆ, ಕಿರಣವನ್ನು ಪಕ್ಕದಿಂದ ಅಡ್ಡಲಾಗಿ ಬಿಡಬೇಕು. ಟ್ಯೂಬಿಗೂ ಫಿಲ್ಮ್‌ಗೂ ಆರಡಿ, ಅಂದರೆ ಸುಮಾರು 180 ಸೆಂಟಿಮೀಟರ್ ಅಂತರವಿದ್ದರೆ ಚಿತ್ರ ಉಬ್ಬುವುದಿಲ್ಲ. ಮುಂದೆ ನಾನು ಹೇಳುವ ಮಿಲಿಮೀಟರ್ ಲೆಕ್ಕಗಳೆಲ್ಲ ಆಗಲೇ ನಂಬಿಕೆಗೆ ಬರುವುದು.

ಇಲ್ಲಿ ಟೆಕ್ನಿಷಿಯನ್‌ಗೆ ನಿಮ್ಮ ಸಹಾಯ ಬೇಕು. ಕಬ್ಬು ಕಡಿದು, ಮಣ್ಣು ಹೊತ್ತು ಗಟ್ಟಿಯಾದ ನಮ್ಮ ಜನರ ಹೆಗಲು ದಪ್ಪ. ಆ ಹೆಗಲಿನ ನೆರಳಿನಲ್ಲಿ ಕತ್ತಿನ ಕೆಳಗಿನ ಮಣಿಗಳು ಮುಚ್ಚಿಹೋಗುತ್ತವೆ. ಒಬ್ಬರು ಸೀಸದ ಏಪ್ರನ್ ಹಾಕಿಕೊಂಡು ಕಾಲ ಬಳಿ ನಿಂತು, ಎರಡೂ ಮಣಿಕಟ್ಟು ಹಿಡಿದು, ಕೈಗಳನ್ನು ಪಾದದ ಕಡೆಗೆ ಮೆಲ್ಲಗೆ ಒಂದೇ ಸಮ ಎಳೆಯಬೇಕು. ಜಗ್ಗಬಾರದು. ಕೈ ಮೂಳೆ ಮುರಿದಿದ್ದರೆ, ಎಳೆದಾಗ ಕತ್ತು ನೋವು ಅಥವಾ ಜುಮ್ಮೆನ್ನುವುದು ಜಾಸ್ತಿಯಾದರೆ ತಕ್ಷಣ ಬಿಟ್ಟುಬಿಡಿ. ಆಗಲೂ ಕೆಳಗಿನ ಮಣಿ ಕಾಣದಿದ್ದರೆ ಒಂದು ಕೈ ತಲೆಯ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಇಟ್ಟು ತೆಗೆಯುವ ಸ್ವಿಮ್ಮರ್ಸ್ ವ್ಯೂ ಇದೆ. ಅದೂ ಬಾರದಿದ್ದರೆ ಸಿಟಿ.

ಕತ್ತು ಮುಂದಕ್ಕೆ ಬಗ್ಗಿಸಿ, ಹಿಂದಕ್ಕೆ ಬಗ್ಗಿಸಿ ತೆಗೆಯುವ ಫಿಲ್ಮ್‌ಗಳನ್ನು ಪೆಟ್ಟು ಬಿದ್ದ ದಿನ ಕ್ಯಾಶುವಾಲ್ಟಿಯಿಂದ ಬರೆಯಲೇಬೇಡಿ. ಸ್ನಾಯು ಸೆಟೆದುಕೊಂಡಿರುವುದರಿಂದ ಅದರಲ್ಲಿ ತಿಳಿಯುವುದು ಕಡಿಮೆ, ಅಪಾಯ ಜಾಸ್ತಿ.

ಮೊದಲ ಕೆಲಸ ಎಣಿಸುವುದು

ಫಿಲ್ಮ್ ಬಂದ ತಕ್ಷಣ ಮುರಿತ ಹುಡುಕಬೇಡಿ. ಮಣಿ ಎಣಿಸಿ. ತಲೆಬುರುಡೆಯ ಬುಡದಿಂದ ಶುರು ಮಾಡಿ ಸಿ1, ಸಿ2, ಹೀಗೆ ಸಿ7ರವರೆಗೆ. ಅದರ ಕೆಳಗೆ ಎದೆಯ ಮೊದಲ ಮಣಿ ಟಿ1ರ ಮೇಲಂಚು ಕಾಣಬೇಕು. ಸಿ2 ಗುರುತು ಹಿಡಿಯುವುದು ಸುಲಭ. ಅದರ ಮೇಲೆ ಹಲ್ಲಿನಂಥ ಗೂಟವಿದೆ, ಅದೇ ಡೆನ್ಸ್. ಅಲ್ಲಿಂದ ಬೆರಳಿಟ್ಟು ಎಣಿಸುತ್ತಾ ಇಳಿಯಿರಿ.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ಮರದಿಂದ ಬಿದ್ದವರೊಬ್ಬರು ಬಂದಿದ್ದರು. ನಲವತ್ತರ ಆಸುಪಾಸಿನ ವಯಸ್ಸು, ಕಟ್ಟುಮಸ್ತು ಆಳು. ಕತ್ತು ನೋವು, ಒಂದು ಕೈ ಸ್ವಲ್ಪ ಜುಮ್ ಅನ್ನುತ್ತಿದೆ ಅಂದರು. ಲ್ಯಾಟರಲ್ ಫಿಲ್ಮ್ ನೋಡಿದೆ. ಮಣಿಗಳೆಲ್ಲ ದಾರ ಕಟ್ಟಿದ ಹಾಗೆ ನೇರವಾಗಿದ್ದವು. ‘ನಾರ್ಮಲ್’ ಎಂದು ಬರೆದೆ. ಕಾಲರ್ ಬಿಚ್ಚಿಸಿದೆ. ಬೆಳಗ್ಗೆ ಅವರಿಗೆ ನೀರಿನ ಲೋಟ ಹಿಡಿಯಲು ಆಗಲಿಲ್ಲ. ಕಾಲೂ ಭಾರ ಅಂದರು. ಸೀನಿಯರ್ ಒಬ್ಬರು ಬಂದು ಫಿಲ್ಮನ್ನು ಬೆಳಕಿಗೆ ಹಿಡಿದು, ಬೈಯಲಿಲ್ಲ, ‘ಎಷ್ಟು ಮಣಿ ಇದೆ, ಎಣಿಸಮ್ಮ’ ಅಂದರು. ಆರು ಇದ್ದವು. ಕೈ ಎಳೆದು ಇನ್ನೊಂದು ಫಿಲ್ಮ್ ತೆಗೆದಾಗ ಏಳನೆಯದು ಕಂಡಿತು. ಅದರ ಮೇಲೆ ಆರನೆಯದು ಅರ್ಧದಷ್ಟು ಮುಂದಕ್ಕೆ ಜಾರಿ ಕೂತಿತ್ತು.

ಅವರ ಮುಖ ನನಗೆ ಈಗಲೂ ನೆನಪಿದೆ. ಆ ಫಿಲ್ಮಿನಲ್ಲಿ ಕಂಡದ್ದನ್ನು ನಾನು ತಪ್ಪಾಗಿ ಓದಿರಲಿಲ್ಲ. ಕಾಣದ ಭಾಗವೊಂದಿದೆ ಎಂದು ನನಗೆ ಹೊಳೆದಿರಲಿಲ್ಲ. ಹಾಗಾಗಿ ಟಿ1ರ ಮೇಲಂಚು ಕಾಣದ ಫಿಲ್ಮ್ ನಾರ್ಮಲ್ ಅಲ್ಲ, ಅಬ್‌ನಾರ್ಮಲ್ಲೂ ಅಲ್ಲ. ಅದು ಅರ್ಧ ಫಿಲ್ಮ್.

ನಾಲ್ಕು ಗೆರೆ ಎಳೆಯುವುದು

ಏಳೂ ಕಂಡವು ಅಂದಮೇಲೆ ಸಾಲು ನೋಡಬೇಕು. ಮನಸ್ಸಿನಲ್ಲಿ ನಾಲ್ಕು ಗೆರೆ ಎಳೆಯಿರಿ. ಕಲಿಯುವಾಗ ಫಿಲ್ಮಿನ ಮೇಲೆ, ಗಾಜಿನ ಮೇಲೆ ಬರೆಯುವ ಪೆನ್ಸಿಲ್‌ನಲ್ಲೇ ಎಳೆದರೆ ಇನ್ನೂ ಒಳ್ಳೆಯದು. ಮೊದಲನೆಯದು ಮಣಿಗಳ ಮುಂದಿನ ಅಂಚು. ಎರಡನೆಯದು ಮಣಿಗಳ ಹಿಂದಿನ ಅಂಚು. ಮೂರನೆಯದು ಮಣಿಗಳಿಂದ ಹಿಂದಕ್ಕೆ ಚಾಚಿದ ಮೂಳೆಯ ಮುಳ್ಳುಗಳ ಬುಡವನ್ನು ಸೇರಿಸುವ ಸ್ಪೈನೊಲ್ಯಾಮಿನಾರ್ ಗೆರೆ. ನಾಲ್ಕನೆಯದು ಆ ಮುಳ್ಳುಗಳ ತುದಿ. ಎರಡನೆಯ ಮತ್ತು ಮೂರನೆಯ ಗೆರೆಯ ನಡುವಿನ ಓಣಿಯಲ್ಲೇ ಬೆನ್ನುಹುರಿ ಇರುವುದು. ನಾಲ್ಕನೆಯದು ಉಳಿದವುಗಳಷ್ಟು ನುಣುಪಾಗಿರುವುದಿಲ್ಲ, ಏಕೆಂದರೆ ಮುಳ್ಳುಗಳು ಉದ್ದ ಗಿಡ್ಡ ಇರುತ್ತವೆ. ಮೊದಲ ಮೂರು ಮಾತ್ರ ಬಿಲ್ಲಿನ ಹಾಗೆ ಮೆಲ್ಲಗೆ ಬಾಗಿ ಸಾಗಬೇಕು.

ಎಲ್ಲಾದರೂ ಮೆಟ್ಟಿಲು ಬಿದ್ದಿದೆಯೇ ನೋಡಿ. ಒಂದು ಮಣಿ ಇನ್ನೊಂದರ ಮೇಲೆ 3.5 ಮಿಲಿಮೀಟರ್‌ಗಿಂತ ಜಾಸ್ತಿ ಜಾರಿದ್ದರೆ, ಅಥವಾ ಅಕ್ಕಪಕ್ಕದ ಜೋಡಿಗಳಿಗಿಂತ 11 ಡಿಗ್ರಿಗೂ ಹೆಚ್ಚು ಕೋನ ಮಾಡಿಕೊಂಡಿದ್ದರೆ ಅಲ್ಲಿನ ಕಟ್ಟು ಸಡಿಲವಾಗಿದೆ ಎಂದು ತಿಳಿಯಿರಿ. ಅಷ್ಟಿಲ್ಲದಿದ್ದರೂ ಸಣ್ಣ ಮೆಟ್ಟಿಲನ್ನು ಕೈಬಿಡಬೇಡಿ.

ಜಾರುವುದು ಹೇಗೆ ಎಂದು ತಿಳಿದರೆ ಕಣ್ಣಿಗೆ ಬೇಗ ಹೊಳೆಯುತ್ತದೆ. ಮಣಿಗಳ ಹಿಂಬದಿ ಎರಡೂ ಕಡೆ ಫೆಸೆಟ್ ಎಂಬ ಪುಟ್ಟ ಕೀಲುಗಳಿವೆ. ಮನೆಯ ಮೇಲೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಓರೆಯಾಗಿ ಕೂತಿರುತ್ತವೆ. ಕತ್ತು ಜೋರಾಗಿ ಮುಂದಕ್ಕೆ ಮಡಿದು ತಿರುಚಿದಾಗ ಒಂದು ಕಡೆಯ ಹೆಂಚು ಹಾರಿ ಮುಂದಿನದರ ಎದುರಿಗೆ ಕೂತುಬಿಡುತ್ತದೆ. ಆಗ ಮಣಿ ಸುಮಾರು ಕಾಲು ಭಾಗ ಮುಂದೆ ಜಾರಿರುತ್ತದೆ. ಕೆಳಗಿನಿಂದ ಆ ಮಟ್ಟದವರೆಗೆ ಕೀಲುಗಳು ಒಂದರ ಮೇಲೊಂದು ಸರಿಯಾಗಿ ಕಾಣುತ್ತವೆ, ಅಲ್ಲಿಂದ ಮೇಲೆ ಇದ್ದಕ್ಕಿದ್ದ ಹಾಗೆ ಎರಡೆರಡಾಗಿ, ಬೋ ಟೈ ಆಕಾರದಲ್ಲಿ ಕಾಣತೊಡಗುತ್ತವೆ. ಎರಡೂ ಕಡೆಯದು ಹಾರಿದ್ದರೆ ಜಾರಿಕೆ ಅರ್ಧ ಅಥವಾ ಅದಕ್ಕೂ ಜಾಸ್ತಿ. ನಾನು ಅಂದು ಕಾಣದೆ ಬಿಟ್ಟದ್ದು ಇದನ್ನೇ.

ಕತ್ತಿನ ಸಹಜ ಬಾಗು ಮಾಯವಾಗಿ ನೆಟ್ಟಗಾಗಿರುವುದು ಬಹಳ ಫಿಲ್ಮ್‌ಗಳಲ್ಲಿ ಕಾಣುತ್ತದೆ. ಕಾಲರ್ ಹಾಕಿದ್ದರೂ, ಅಂಗಾತ ಮಲಗಿದ್ದರೂ ಹಾಗಾಗುತ್ತದೆ. ಅದೊಂದನ್ನೇ ನೋಡಿ ಮುರಿತ ಅನ್ನಬೇಡಿ. ಹಾಗೆಂದು ‘ಮಸಲ್ ಸ್ಪಾಸಮ್’ ಎಂದು ಬರೆದು ಉಳಿದದ್ದನ್ನು ನೋಡದೆ ಬಿಡಲೂಬೇಡಿ.

ಒಂದೊಂದೇ ಮಣಿ, ಒಂದೊಂದೇ ಸಂದು

ಈಗ ಪ್ರತಿ ಮಣಿಯ ಸುತ್ತ ಕಣ್ಣಿನಲ್ಲೇ ಅಂಚು ಬಿಡಿಸಿ. ಸಿ3ರಿಂದ ಸಿ7ರವರೆಗೆ ಎಲ್ಲವೂ ಹೆಚ್ಚು ಕಡಿಮೆ ಚೌಕ. ಮುಂದಿನ ಎತ್ತರ ಹಿಂದಿನ ಎತ್ತರಕ್ಕಿಂತ 3 ಮಿಲಿಮೀಟರ್ ಅಥವಾ ಅದಕ್ಕೂ ಜಾಸ್ತಿ ಕಡಿಮೆಯಿದ್ದರೆ ಮಣಿ ಮುಂದೆ ಕುಸಿದಿದೆ. ಮುಂದಿನ ಕೆಳಮೂಲೆಯಿಂದ ತ್ರಿಕೋನದ ಚೂರು ಒಡೆದಿದೆಯೇ ನೋಡಿ. ಇದಕ್ಕೆ ಟಿಯರ್‌ಡ್ರಾಪ್ ಅನ್ನುತ್ತಾರೆ. ಚೂರು ಚಿಕ್ಕದು ಎಂದು ಸುಮ್ಮನಾಗಬೇಡಿ. ಚೂರು ಮುಂದೆ ಉಳಿದು ಮಣಿಯ ಉಳಿದ ಭಾಗ ಹಿಂದಕ್ಕೆ, ಓಣಿಯೊಳಕ್ಕೆ ಸರಿದಿದ್ದರೆ ಅದು ಕತ್ತಿನ ಅತಿ ಕೆಟ್ಟ ಗಾಯಗಳಲ್ಲಿ ಒಂದು.

ಸಿ2ಗೆ ಒಂದು ನಿಮಿಷ ಹೆಚ್ಚು ಕೊಡಿ. ಮೂರು ಜಾಗ ನೋಡಬೇಕು. ಡೆನ್ಸ್‌ನ ಬುಡದಲ್ಲಿ ಗೆರೆ ಇದೆಯೇ, ಡೆನ್ಸ್ ವಾಲಿದೆಯೇ? ಮಣಿಯ ಮೇಲ್ಭಾಗದಲ್ಲಿ ಬಿಳಿ ಉಂಗುರದಂತೆ ಕಾಣುವ ಹ್ಯಾರಿಸ್ ರಿಂಗ್ ಎಲ್ಲಾದರೂ ತುಂಡಾಗಿದೆಯೇ? ಹಿಂಬದಿಯ ಕಂಬಗಳಲ್ಲಿ ಸೀಳು ಇದೆಯೇ? ಕೊನೆಯದು ಹ್ಯಾಂಗ್‌ಮನ್ಸ್ ಫ್ರ್ಯಾಕ್ಚರ್. ಗಾಡಿಯಲ್ಲಿ ಗಲ್ಲ, ಹಣೆ ಬಡಿದು ಕತ್ತು ಹಿಂದಕ್ಕೆ ಮಡಿದವರಲ್ಲಿ ಕಾಣುತ್ತದೆ. ಈ ಮುರಿತದಲ್ಲಿ ಬೆನ್ನುಹುರಿಯ ಓಣಿ ಅಗಲವಾಗುವುದರಿಂದ ಕೈಕಾಲಿಗೆ ಏನೂ ಆಗದೆ ಇರಬಹುದು. ನಡೆದುಕೊಂಡು ಬರುವವರಲ್ಲಿ ಇವರೂ ಸೇರಿರುತ್ತಾರೆ.

ಸಿ1ರ ಮುಂದಿನ ಕಮಾನಿಗೂ ಡೆನ್ಸ್‌ಗೂ ನಡುವಿನ ಕಪ್ಪು ಸಂದನ್ನು ಅಳೆಯಿರಿ. ದೊಡ್ಡವರಲ್ಲಿ 3 ಮಿಲಿಮೀಟರ್, ಮಕ್ಕಳಲ್ಲಿ 5 ಮಿಲಿಮೀಟರ್ ಮೀರಬಾರದು. ಮೀರಿದ್ದರೆ ಅವೆರಡನ್ನು ಕಟ್ಟಿಹಿಡಿದಿರುವ ಲಿಗಮೆಂಟ್ ಹರಿದಿರಬಹುದು. ತಲೆಬುರುಡೆಯ ಬುಡದ ಮುಂತುದಿಗೂ ಡೆನ್ಸ್‌ನ ತುದಿಗೂ 12 ಮಿಲಿಮೀಟರ್ ಒಳಗೇ ಇರಬೇಕು.

ಆಮೇಲೆ ಮಣಿಗಳ ನಡುವಿನ ಡಿಸ್ಕ್ ಸಂದುಗಳು. ಒಂದು ಮಾತ್ರ ಮುಂದೆ ಬಾಯಿ ತೆರೆದಿದ್ದರೆ ಕತ್ತು ಹಿಂದಕ್ಕೆ ಮಡಿದ ಗಾಯ. ಹಿಂಬದಿಯಲ್ಲಿ ಎರಡು ಮುಳ್ಳುಗಳ ನಡುವೆ ಮಾತ್ರ ಬೀಸಣಿಗೆಯಂತೆ ಜಾಗ ತೆರೆದಿದ್ದರೆ ಮುಂದಕ್ಕೆ ಮಡಿದ ಗಾಯ.

ಮೂಳೆಯ ಮುಂದಿನ ನೆರಳು

ಮಣಿಗಳ ಮುಂದೆ, ಗಂಟಲಿನ ಗಾಳಿಯ ಕಪ್ಪಿಗೂ ಮೂಳೆಯ ಬಿಳಿಗೂ ನಡುವೆ ಬೂದು ಪಟ್ಟಿ ಇದೆ. ಮೂಳೆಯಲ್ಲಿ ಗೆರೆ ಕಾಣದಿದ್ದರೂ ರಕ್ತ ಕಟ್ಟಿ ಈ ಪಟ್ಟಿ ಊದಿಕೊಂಡು ನಮಗೆ ಸುಳಿವು ಕೊಡುತ್ತದೆ. ಸಿ2 ಎದುರಿಗೆ 6, ಸಿ6 ಎದುರಿಗೆ 22 ಮಿಲಿಮೀಟರ್ ಮೀರಬಾರದು ಎಂದು ನೆನಪಿಟ್ಟುಕೊಳ್ಳಿ. ಸಿ6 ಎದುರು ಮಕ್ಕಳಲ್ಲಿ 14. ಅಳುತ್ತಿರುವ ಮಗುವಿನಲ್ಲಿ ಈ ಪಟ್ಟಿ ಸುಳ್ಳಾಗಿ ಉಬ್ಬುತ್ತದೆ. ಉಸಿರಿನ ಟ್ಯೂಬ್ ಹಾಕಿದವರಲ್ಲೂ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ಊದಿದ್ದರೆ ಹುಡುಕಿ. ಊದಿಲ್ಲ ಅನ್ನುವುದು ಮಾತ್ರ ಬಿಡುಗಡೆಯ ಚೀಟಿಯಲ್ಲ.

ಬಾಯಿ ತೆರೆದ ಫಿಲ್ಮ್, ಎದುರಿನ ಫಿಲ್ಮ್

ಓಪನ್ ಮೌತ್ ಫಿಲ್ಮ್ ಸರಿಯಾಗಿ ಬರಲಿಲ್ಲ ಎಂದು ಬಿಟ್ಟುಬಿಡುವವರೇ ಜಾಸ್ತಿ. ಬಿಡಬೇಡಿ. ಸಿ1 ಮತ್ತು ಡೆನ್ಸ್‌ನ ಮುರಿತಗಳು ಚೆನ್ನಾಗಿ ಕಾಣುವುದು ಇಲ್ಲೇ. ಸಿ1ರ ಎರಡು ಪಕ್ಕದ ದಿಂಡುಗಳ ಹೊರ ಅಂಚು ಸಿ2ರ ಹೊರ ಅಂಚಿಗೆ ನೇರವಾಗಿ ಕೂತಿರಬೇಕು. ನೆತ್ತಿಯ ಮೇಲೆ ಭಾರ ಬಿದ್ದಾಗ ಸಿ1ರ ಉಂಗುರ ಹಲವು ಕಡೆ ಸಿಡಿದು ಈ ದಿಂಡುಗಳು ಹೊರಕ್ಕೆ ಸರಿಯುತ್ತವೆ. ಇದನ್ನು 1920ರಲ್ಲಿ ವಿವರಿಸಿದವರು ಜೆಫರ್ಸನ್, ಅವರ ಹೆಸರೇ ನಿಂತಿದೆ. ಎರಡೂ ಕಡೆಯ ಸರಿತ ಕೂಡಿಸಿದರೆ 7 ಮಿಲಿಮೀಟರ್ ಮುಟ್ಟಿದರೆ ಅಡ್ಡ ಲಿಗಮೆಂಟೂ ಹರಿದಿದೆ ಎಂದೇ ನಂಬಿ.

ಡೆನ್ಸ್‌ನ ಮುರಿತ ಮೂರು ಬಗೆ. ತುದಿಯಲ್ಲಿ ಮುರಿದರೆ ಒಂದು, ಬುಡದಲ್ಲಿ ಮುರಿದರೆ ಎರಡು, ಗೆರೆ ಸಿ2ರ ಒಡಲಿಗೇ ಇಳಿದಿದ್ದರೆ ಮೂರು. ಎರಡನೇ ಬಗೆಯೇ ಹೆಚ್ಚು, ಕೂಡಿಕೊಳ್ಳಲು ಸತಾಯಿಸುವುದೂ ಅದೇ. ಮೆಲ್ಲಗೆ ಬಿದ್ದ ವಯಸ್ಸಾದವರಲ್ಲೂ ಇದು ಸಿಗುತ್ತದೆ.

ಎ.ಪಿ. ಫಿಲ್ಮಿನಲ್ಲಿ ಎರಡೇ ವಿಷಯ ನೋಡಿದರೂ ಬಹಳ ಸಿಕ್ಕುತ್ತದೆ. ಮುಳ್ಳುಗಳು ನಡುಮಧ್ಯೆ ಒಂದೇ ಸಾಲಿನಲ್ಲಿರಬೇಕು. ಒಂದು ಮಟ್ಟದಿಂದ ಮೇಲೆ ಎಲ್ಲವೂ ಪಕ್ಕಕ್ಕೆ ವಾಲಿದ್ದರೆ ಒಂದು ಕಡೆಯ ಫೆಸೆಟ್ ಹಾರಿದೆ. ಮುಳ್ಳುಗಳ ನಡುವಿನ ಅಂತರ ಒಂದು ಕಡೆ ಮಾತ್ರ ಮೇಲಿನ, ಕೆಳಗಿನ ಅಂತರದ ಒಂದೂವರೆ ಪಟ್ಟು ಮೀರಿದ್ದರೆ ಅಲ್ಲಿ ಹಿಂಬದಿಯ ಕಟ್ಟು ಹರಿದಿದೆ.

ಪೆಟ್ಟು ಬಿದ್ದ ಬಗೆ ಕೇಳಿ, ಆಮೇಲೆ ಹುಡುಕಿ

‘ಹೇಗೆ ಬಿದ್ದೆ, ಯಾವುದು ಮೊದಲು ತಗುಲಿತು?’ ಈ ಒಂದು ಪ್ರಶ್ನೆ ಕೇಳಿದರೆ ಕಣ್ಣು ಎಲ್ಲಿಗೆ ಹೋಗಬೇಕು ಎಂದು ಗೊತ್ತಾಗುತ್ತದೆ. ನಾಲೆಗೋ, ಬಲಮುರಿ ಹತ್ತಿರ ಹೊಳೆಗೋ ತಲೆ ಮುಂದಾಗಿ ಹಾರಿ ನೆಲ ಬಡಿದ ಹುಡುಗನಾದರೆ ಸಿ5ರ ಸುತ್ತ ನೋಡಿ, ಸಿಡಿದ ಮಣಿ ಅಥವಾ ಟಿಯರ್‌ಡ್ರಾಪ್ ಹುಡುಕಿ. ಗರಡಿಯಲ್ಲಿ ಎತ್ತಿ ಹಾಕಿಸಿಕೊಂಡು ನೆತ್ತಿ ಮೇಲೆ ಬಿದ್ದ ಪೈಲ್ವಾನರಿಗೂ ಇದೇ, ಜೊತೆಗೆ ಸಿ1. ಹೊರೆ ಹೊತ್ತು ಜಾರಿದವರಲ್ಲಿ ಭಾರ ನೇರ ನೆತ್ತಿಯಿಂದ ಇಳಿದಿರುತ್ತದೆ, ಕುಸಿದ ಮಣಿ ಹುಡುಕಿ. ಟ್ರ್ಯಾಕ್ಟರ್ ಪಲ್ಟಿಯಲ್ಲಿ, ಮರದಿಂದ ಬಿದ್ದವರಲ್ಲಿ ಫೆಸೆಟ್ ಹಾರಿದೆಯೇ ನೋಡಿ. ಜೋರಾಗಿ ಗುದ್ದಲಿ ಎತ್ತುವಾಗ ಕತ್ತಿನ ಬುಡದಲ್ಲಿ ಫಟ್ ಅಂದಿತು ಎಂದರೆ ಸಿ6, ಸಿ7 ಅಥವಾ ಟಿ1ರ ಮುಳ್ಳಿನ ತುದಿ ಮುರಿದಿರಬಹುದು. ಅದಕ್ಕೆ ಕ್ಲೇ ಶವಲರ್ಸ್ ಎಂದೇ ಹೆಸರು. ಒಂಟಿಯಾಗಿದ್ದರೆ ಇದು ಅಷ್ಟು ಅಪಾಯದ್ದಲ್ಲ.

ಬಚ್ಚಲಲ್ಲಿ ಹಣೆ ಬಡಿದ ತಾತನ ವಿಷಯ ಬೇರೆ. ಸವೆದ, ಮೂಳೆ ಬೆಳೆದ ಕತ್ತಿನಲ್ಲಿ ಓಣಿ ಮೊದಲೇ ಕಿರಿದು. ಕತ್ತು ಹಿಂದಕ್ಕೆ ಮಡಿದ ಕ್ಷಣ ಬೆನ್ನುಹುರಿ ಜಜ್ಜಿಹೋಗುತ್ತದೆ. ಕೈ ಬಲ ಕಾಲಿಗಿಂತ ಜಾಸ್ತಿ ಕುಂದುತ್ತದೆ, ಫಿಲ್ಮಿನಲ್ಲಿ ಮುರಿತವೇ ಇರುವುದಿಲ್ಲ. ‘ತಾತನಿಗೆ ಕೈ ಎತ್ತೋಕಾಗ್ತಿಲ್ಲ, ಆದ್ರೆ ನಡೀತಾರೆ’ ಎಂದು ಮನೆಯವರು ಹೇಳಿದರೆ ಎಂಆರ್‌ಐ ಬೇಕು. ಬೆನ್ನೆಲುಬೆಲ್ಲ ಬಿದಿರಿನಂತೆ ಬೆಸೆದುಹೋಗಿರುವವರದು ಇನ್ನೂ ಸೂಕ್ಷ್ಮ. ಅಂಥವರ ಕತ್ತು ಸಣ್ಣ ಪೆಟ್ಟಿಗೇ ಕಡ್ಡಿಯಂತೆ ಅಡ್ಡಲಾಗಿ ಮುರಿಯುತ್ತದೆ, ಡಿಸ್ಕ್ ಜಾಗದಲ್ಲೂ ಮುರಿಯುತ್ತದೆ. ಅವರಿಗೆ ಫಿಲ್ಮ್ ಏನೇ ಹೇಳಲಿ, ಸಿಟಿ ಮಾಡಿಸಿ.

ಮೋಸ ಮಾಡುವ ನೆರಳುಗಳು

ಬಾಯಿ ತೆರೆದ ಫಿಲ್ಮಿನಲ್ಲಿ ಮುಂದಿನ ಹಲ್ಲುಗಳ ಸಂದು ಡೆನ್ಸ್ ಮೇಲೆ ಬಿದ್ದು ಉದ್ದ ಸೀಳಿನಂತೆ ಕಾಣುತ್ತದೆ. ಸಿ1ರ ಕಮಾನಿನ ನೆರಳು ಡೆನ್ಸ್ ಬುಡದಲ್ಲಿ ಅಡ್ಡಗೆರೆಯಾಗುತ್ತದೆ. ಗೆರೆ ಮೂಳೆಯಿಂದ ಆಚೆಗೂ ಮುಂದುವರಿದಿದ್ದರೆ ಅದು ಮುರಿತವಲ್ಲ, ನೆರಳು. ತಲೆ ತಿರುಗಿದ್ದರೆ ಡೆನ್ಸ್‌ನ ಎರಡು ಪಕ್ಕದ ಸಂದು ಹೆಚ್ಚುಕಡಿಮೆಯಾಗುತ್ತದೆ. ಮುಳ್ಳುಗಳ ಹಿಂದೆ ಲಿಗಮೆಂಟಿನಲ್ಲಿ ಸುಣ್ಣ ಕಟ್ಟಿದ ಚುಕ್ಕೆ ಮುರಿದ ತುದಿಯಂತೆ ಕಂಡೀತು. ಹಳೆಯ ಚೂರಿನ ಅಂಚು ಬಿಳಿಯಾಗಿ ನುಣುಪಾಗಿರುತ್ತದೆ, ಹೊಸ ಮುರಿತದ ಅಂಚು ಒರಟು.

ಮಕ್ಕಳಲ್ಲಿ, ಹೆಚ್ಚಾಗಿ ಎಂಟು ವರ್ಷದ ಒಳಗೆ, ಸಿ2 ಸಿ3ರ ಮೇಲೆ ಸ್ವಲ್ಪ ಮುಂದೆ ಜಾರಿದಂತೆ ಕಾಣುವುದು ಸಹಜ. ಸಿ1 ಮತ್ತು ಸಿ3ರ ಮುಳ್ಳಿನ ಬುಡಗಳನ್ನು ಸೇರಿಸಿ ಒಂದು ಗೆರೆ ಎಳೆಯಿರಿ. ಸಿ2ರ ಬುಡ ಆ ಗೆರೆಯಿಂದ 2 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಡೆನ್ಸ್ ಬುಡದಲ್ಲಿ ಇನ್ನೂ ಕೂಡದ ಬೆಳವಣಿಗೆಯ ಗೆರೆಯನ್ನೂ ಮುರಿತ ಅಂದುಕೊಳ್ಳಬೇಡಿ. ಇನ್ನೊಂದು ಕಡೆ, ಮಕ್ಕಳಲ್ಲಿ ಮೂಳೆಗೆ ಏನೂ ಆಗದೆ ಬೆನ್ನುಹುರಿಗೆ ಮಾತ್ರ ಪೆಟ್ಟಾಗುವುದೂ ಉಂಟು. ಬಿದ್ದ ಕ್ಷಣ ಕೈಕಾಲು ಮರಗಟ್ಟಿ ಆಮೇಲೆ ಸರಿಯಾಯಿತು ಎಂದು ತಾಯಿ ಹೇಳಿದರೆ ಆ ಮಾತನ್ನು ಫಿಲ್ಮಿಗಿಂತ ಹೆಚ್ಚು ನಂಬಿ.

ಬರೆಯುವುದು, ಕಳಿಸುವುದು

ಮೂರೂ ಫಿಲ್ಮ್ ಚೆನ್ನಾಗಿವೆ, ಆದರೂ ನಡುಮೂಳೆ ನೋವು ಜೋರಾಗಿದೆ ಅಥವಾ ನರದ ದೋಷವಿದೆ. ಆಗ ಕಾಲರ್ ತೆಗೆಯಬೇಡಿ, ಸಿಟಿ ಅಥವಾ ಎಂಆರ್‌ಐಗೆ ಕಳಿಸಿ. ಒಂದು ಮುರಿತ ಸಿಕ್ಕಿದ ಮೇಲೂ ಹುಡುಕುವುದನ್ನು ನಿಲ್ಲಿಸಬೇಡಿ. ಕತ್ತಿನಲ್ಲಿ ಒಂದು ಮುರಿದವರ ಪೈಕಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನೆಲುಬಿನಲ್ಲಿ ದೂರದ ಇನ್ನೊಂದು ಮಣಿಯೂ ಮುರಿದಿರುತ್ತದೆ. ಇಡೀ ಬೆನ್ನು ನೋಡಿ.

ರಿಪೋರ್ಟಿನಲ್ಲಿ ‘ನಾರ್ಮಲ್’ ಎಂಬ ಒಂದೇ ಪದ ಬರೆಯಬೇಡಿ. ಯಾವ ಯಾವ ಫಿಲ್ಮ್ ತೆಗೆದಿರಿ, ಯಾವ ಮಣಿಯಿಂದ ಯಾವ ಮಣಿಯವರೆಗೆ ಕಂಡಿತು, ಗೆರೆಗಳು ಹೇಗಿವೆ, ಮುಂದಿನ ನೆರಳು ಎಷ್ಟಿದೆ ಎಂದು ಬರೆಯಿರಿ. ಸೀನಿಯರ್‌ಗೆ ಮೊಬೈಲಿನಲ್ಲಿ ಫೋಟೊ ಕಳಿಸುವಾಗ ಇಡೀ ಫಿಲ್ಮ್ ಬರಲಿ, ಕೆಳಗಿನ ಅಂಚು ಕತ್ತರಿಸಿ ಹೋಗದಿರಲಿ. ಫೋಟೊದಲ್ಲಿ ಸಿ7 ಬಿಟ್ಟುಹೋಗಿ, ಆ ಕಡೆಯಿಂದ ‘ಓಕೆ’ ಎಂದು ಉತ್ತರ ಬಂದದ್ದನ್ನು ನಾನು ಕಂಡಿದ್ದೇನೆ.

ಮೈಸೂರಿಗೋ ಬೆಂಗಳೂರಿಗೋ ಕಳಿಸುವಾಗ ಮೊದಲು ಆ ಕಡೆ ಫೋನ್ ಮಾಡಿ ತಿಳಿಸಿ. ಗಟ್ಟಿ ಹಲಗೆ ಸಾಗಿಸಲು ಮಾತ್ರ, ಅದರ ಮೇಲೆ ಗಂಟೆಗಟ್ಟಲೆ ಮಲಗಿಸಿದರೆ ಚರ್ಮ ಹುಣ್ಣಾಗುತ್ತದೆ. ಜೊತೆಗೆ ಹೋಗುವ ಮನೆಯವರನ್ನು ಪಕ್ಕಕ್ಕೆ ಕರೆದು ಹೇಳಿ: ‘ಅಣ್ಣ, ದಾರೀಲಿ ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸೋಕೆ ತಲೆ ಎತ್ತಬೇಡಿ, ಕಾಲರ್ ಬಿಗಿ ಅಂದ್ರೂ ಸಡಿಲ ಮಾಡಬೇಡಿ.’ ಫಿಲ್ಮ್‌ಗಳ ಕವರನ್ನು ಆಂಬುಲೆನ್ಸಿನವರ ಕೈಗೇ ಕೊಡಿ. ಕವರಿನ ಮೇಲೆ ದೊಡ್ಡ ಅಕ್ಷರದಲ್ಲಿ, ಕೈಬಲ ಕಾಲುಬಲ ಎಷ್ಟಿತ್ತು, ಎಷ್ಟು ಗಂಟೆಗೆ ನೋಡಿದಿರಿ ಎಂದು ಬರೆಯಿರಿ. ಕೆಳಗಿನ ಮಣಿ ಕಾಣದಿದ್ದರೆ ‘ಸಿ7, ಟಿ1 ಕಂಡಿಲ್ಲ, ಕಾಲರ್ ತೆಗೆಯಬೇಡಿ’ ಎಂದು ಅದರಡಿಯಲ್ಲೇ ಸೇರಿಸಿ.